ಮಳೆ ಬಂದಾಗ ಬರುವ ಜ್ವರ

‘ಈ ತಿಂಗಳಲ್ಲಿ ಇದು ನಾಲ್ಕನೆಯ ಜ್ವರ’ ಎಂದು ಅಶ್ವತ್ಥಮ್ಮ ತನ್ನೊಳಗೇ ಅಂದುಕೊಂಡಳು. ಜ್ವರ ಬಂದದ್ದು ಅವಳಿಗಲ್ಲ, ಅವಳ ಅಮ್ಮನಿಗೂ ಅಲ್ಲ. ಅದು ಬರುತ್ತಿದ್ದದ್ದು ಅವಳ ನಿಬ್ಬಿನ ತುದಿಯಿಂದ.

ಅಮ್ಮ ಮುನಿಯಲ್ಲಮ್ಮ ಮುಳಬಾಗಿಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಕೆಲಸ ಕಲಿತದ್ದು ಗಡಿಯಾಚೆ, ಅಕ್ಷರ ಕಲಿತದ್ದೂ ತೆಲುಗಿನಲ್ಲೇ. ಆಸ್ಪತ್ರೆಗೆ ಲೀವ್ ಲೆಟರ್ ಮಾತ್ರ ಕನ್ನಡದಲ್ಲಿ ಬೇಕು. ಹಾಗಾಗಿ ನಾಲ್ಕನೇ ಕ್ಲಾಸಿನ ಅಶ್ವತ್ಥಮ್ಮನೇ ಬರೆಯುತ್ತಿದ್ದಳು. ಅವಳ ಅಕ್ಷರ ಮುತ್ತು ಪೋಣಿಸಿದಂತಿತ್ತು. ಪೋಣಿಸುತ್ತಿದ್ದದ್ದು ಮಾತ್ರ ಸುಳ್ಳು.

ನಿಜವಾದ ಸಂಗತಿ ಮನೆಯ ನಡುವೆ ಹಗ್ಗದ ಮೇಲೆ ನೇತಾಡುತ್ತಿತ್ತು. ಅಮ್ಮನ ಬಿಳಿ ಸೀರೆ. ಬಿಳಿ ಸೀರೆ ಉಡದೆ ವಾರ್ಡಿನೊಳಗೆ ಕಾಲಿಡುವಂತಿಲ್ಲ. ಅದನ್ನು ದಿನವೂ ಒಗೆಯಲೇಬೇಕು. ಮೊದಲು ಎರಡಿದ್ದವು. ಒಂದು ಯುಗಾದಿಯ ಹೊತ್ತಿಗೆ ಪಿಸಿದುಹೋಗಿ ಬ್ಯಾಂಡೇಜಾಯಿತು. ಹೊಸದು ಕೊಳ್ಳೋಣವೆಂದರೆ ಯುದ್ಧದ ಕಾಲ. ಬಟ್ಟೆ ಅಂಗಡಿಯ ಹುಸೇನ್ ಸಾಬರು ಖಾಲಿ ಬೀರು ತೆರೆದು ತೋರಿಸಿ, ಯುದ್ಧ ಮುಗಿಯಲಿ ತಾಯಿ ಎಂದಿದ್ದರು.

ದೇವರಾಯಸಮುದ್ರದ ಕೆರೆ ಕೋಡಿ ಬಿತ್ತೆಂದು ಊರಿಗೆ ಊರೇ ಹಿಗ್ಗುತ್ತಿತ್ತು. ಅಶ್ವತ್ಥಮ್ಮ ಮಾತ್ರ ಮೋಡ ಕಂಡೊಡನೆ ಓಡಿ, ಸೀರೆ ಒಣಗಿತೇ ಎಂದು ಮುಟ್ಟಿ ನೋಡುತ್ತಿದ್ದಳು.

ಅವತ್ತು ಬೆಳಿಗ್ಗೆ ಇಬ್ಬರೂ ಸೀರೆಯ ಒಂದೊಂದು ತುದಿ ಹಿಡಿದು, ಮನೆಯೊಳಗೇ ಪಟಪಟನೆ ಬೀಸಿದರು. ಗಾಳಿಗೆ ದೀಪದ ಗೂಡಿನ ಬತ್ತಿ ಹಾರಿತು, ಬೆಕ್ಕು ಓಡಿತು, ಸೀರೆ ಮಾತ್ರ ಒಣಗಲಿಲ್ಲ. ಒದ್ದೆಯದನ್ನೇ ಉಟ್ಟು ಹೋಗು ಎಂದು ಮಗಳು ಕೇಳಿಕೊಂಡಳು. ಹಾಗೆ ಹೋದರೆ ನಿಜವಾದ ಜ್ವರವೇ ಬಂದು ನಿನ್ನ ಲೆಟರ್ ಸತ್ಯವಾಗುತ್ತದೆ ಎಂದು ಅಮ್ಮ ನಕ್ಕಳು. ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಬಾರದೇ ಎಂದು ಮಗಳು ಅಂದಾಗ ಮಾತ್ರ ಅಮ್ಮನ ನಗು ನಿಂತಿತು.

“ಜ್ವರ ಬಂತು ಅಂದ್ರೆ ಯಾರೂ ನಗಲ್ಲ ತಲ್ಲೀ. ನರ್ಸಮ್ಮಂಗೆ ಉಡೋಕೆ ಸೀರೆ ಇಲ್ಲ ಅಂದ್ರೆ ಊರೇ ನಗುತ್ತೆ. ಬರಿ, ಬರಿ. ಜ್ವರ ಅಂತ್ಲೇ ಬರಿ.”

ಅಶ್ವತ್ಥಮ್ಮ ಬರೆದಳು. ಗೋಣಿಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು.

ಬಾಗಿಲಲ್ಲೇ ಶರೀಫುನ್ನೀಸಾ ಕುಳಿತಿದ್ದಳು. ಆಸ್ಪತ್ರೆಗೆ ಇರುವವರು ಅವಳು, ಅಮ್ಮ, ಇಬ್ಬರೇ ನರ್ಸುಗಳು. ಅಶ್ವತ್ಥಮ್ಮ ಅವಳನ್ನು ಸ್ವಂತ ಚಿಕ್ಕಮ್ಮನ ಹಾಗೆ ಖಾಲಾ ಎಂದೇ ಕರೆಯುತ್ತಿದ್ದಳು. ಅಮ್ಮ ಬಂದರೆ ಖಾಲಾ ಮನೆಗೆ. ಅಮ್ಮ ಬಾರದಿದ್ದರೆ ಇನ್ನೊಂದು ಇಡೀ ದಿನದ ಡ್ಯೂಟಿಯೂ ಅವಳದೇ. ನಿನ್ನೆ ಸಂಜೆಯಿಂದ ನಿಂತೇ ಇದ್ದ ಕಾಲುಗಳು ಬಾತುಕೊಂಡಿದ್ದವು. ಬೆರಳಿಂದ ಒತ್ತಿದರೆ ಗುಳಿ ಬೀಳುವ ಹಾಗಿದ್ದವು.

ಹುಡುಗಿಯ ಕೈಯಲ್ಲಿದ್ದ ಲೆಟರ್ ನೋಡಿದ್ದೇ, ಅಮ್ಮ ಇವತ್ತೂ ಬರುವುದಿಲ್ಲವೆಂದು ಖಾಲಾಗೆ ಗೊತ್ತಾಯಿತು. ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಕಪ್ಪು ದಾರ ತೆಗೆದಳು. ಮೊನ್ನೆ ಶುಕ್ರವಾರ ಅಮ್ಮನ ಜ್ವರಕ್ಕೆಂದೇ ದರ್ಗಾಕ್ಕೆ ಬರಿಗಾಲಲ್ಲಿ ಹೋಗಿ ಪ್ರಾರ್ಥನೆ ಓದಿಸಿ ತಂದದ್ದಂತೆ.

“ಅಮ್ಮನ ತೋಳಿಗೆ ಕಟ್ಟು ಬೇಟಿ. ಇದಕ್ಕೂ ಹೋಗದಿದ್ರೆ ನಾನೇ ಬಂದು ಆ ಜ್ವರಕ್ಕೆ ಎರಡು ಬಾರಿಸ್ತೀನಿ.”

ಅಶ್ವತ್ಥಮ್ಮ ದಾರ ಹಿಡಿದುಕೊಂಡಳು. ಕ್ಲಾಸಿನಲ್ಲಿ ಮೇಷ್ಟ್ರು ಹೆಸರು ಕರೆದರೂ ಬಾಯಿ ಬಿಡದ ಹುಡುಗಿ ಅವಳು. ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು.

ಅಷ್ಟರಲ್ಲಿ ಡಾಕ್ಟರ್ ಚನ್ನರಾಯಪ್ಪನವರು ಹೊರಗೆ ಬಂದರು. ಲೆಟರ್ ಓದಿ, ಕನ್ನಡಕ ಹಣೆಗೇರಿಸಿ, ಒಳಗಿಂದ ಹಳೆಯ ಮೂರು ಲೆಟರುಗಳನ್ನೂ ತಂದು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಅವರ ಮುಖದಲ್ಲಿ ಕಳ್ಳನನ್ನು ಹಿಡಿದ ಪೊಲೀಸಿನವರ ಕಳೆಯಿತ್ತು. ಅಶ್ವತ್ಥಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಸಿಕ್ಕಿಬಿದ್ದೆ ಅಂದುಕೊಂಡಳು.

“ಕಿಲಾಡಿ ಜ್ವರ ಇದು. ಐದಾರು ದಿನಕ್ಕೊಂದ್ಸಲ ಬರುತ್ತೆ, ಒಂದೇ ದಿನ ಇದ್ದು ಹೋಗುತ್ತೆ,” ಎಂದರು ಡಾಕ್ಟರು. “ಮಲೇರಿಯಾನೇ. ಅನುಮಾನವೇ ಇಲ್ಲ.”

ಮುನಿಯಲ್ಲಮ್ಮನನ್ನು ನಾಳೆಯೇ ಇಲ್ಲಿ ಮಲಗಿಸಬೇಕು, ಹತ್ತು ದಿನ ಏಳಲು ಬಿಡಬಾರದು, ದಿನಕ್ಕೆ ಮೂರು ಸಲ ಕ್ವಿನೈನ್ ಮಿಕ್ಸ್ಚರ್ ಕುಡಿಸಬೇಕು ಎಂದು ಅವರು ತೀರ್ಮಾನ ಹೇಳಿದರು. ಆ ಕಹಿ ನೆನೆದೇ ಅಶ್ವತ್ಥಮ್ಮನ ಮುಖ ಹುಳ್ಳಗಾಯಿತು. ಆರೋಗ್ಯವಾಗಿರುವ ಅಮ್ಮ ತನ್ನದೇ ವಾರ್ಡಿನಲ್ಲಿ ಕಂಬಳಿ ಹೊದ್ದು ನರಳುವುದನ್ನು ಕಲ್ಪಿಸಿಕೊಂಡು ನಗುವೂ ಬಂತು.

ಆದರೆ ಡಾಕ್ಟರು ಆಮೇಲೆ ಖಾಲಾ ಕಡೆ ತಿರುಗಿದರು. ಹತ್ತು ದಿನ ಎರಡೂ ಡ್ಯೂಟಿ ನೀನೊಬ್ಬಳೇ ಮಾಡಬೇಕಾಗುತ್ತದೆ, ಆಗುತ್ತದೆಯೇ ಎಂದು ಮೆತ್ತಗೆ ಕೇಳಿದರು.

ಖಾಲಾ ತನ್ನ ಕಾಲುಗಳನ್ನು ನೋಡಿಕೊಂಡಳು. ಸೀರೆಯ ಅಂಚನ್ನು ಎಳೆದು ಅವನ್ನು ಮುಚ್ಚಿದಳು. ಆಗುತ್ತೆ ಡಾಕ್ಟರೇ, ಮೊದಲು ಅವಳು ಗುಣವಾಗಲಿ ಎಂದು ಗೋಡೆ ಹಿಡಿದು ಎದ್ದು ನಿಂತಳು.

ಅಶ್ವತ್ಥಮ್ಮನ ಹೊಟ್ಟೆಯಲ್ಲಿದ್ದ ನಗು ಕರಗಿತು. ಊರೇ ನಗುತ್ತೆ ಎಂದಿದ್ದಳು ಅಮ್ಮ. ಆದರೆ ಇಲ್ಲಿ ಊರು ಇರಲಿಲ್ಲ. ಇದ್ದದ್ದು ಖಾಲಾ ಒಬ್ಬಳು; ಅವಳು ಒಂದೊಂದು ಹೆಜ್ಜೆಗೂ ತುಟಿ ಕಚ್ಚುತ್ತಾ ವಾರ್ಡಿನ ಕಡೆ ಹೊರಟಿದ್ದಳು.

ಅಶ್ವತ್ಥಮ್ಮ ಓಡಿ ಹೋಗಿ ಅವಳ ಸೆರಗು ಹಿಡಿದು ನಿಲ್ಲಿಸಿದಳು. ದನಿ ಅವಳಿಗೇ ಗುರುತು ಸಿಗದಷ್ಟು ಜೋರಾಗಿ ಬಂತು.

“ಖಾಲಾ, ಅಮ್ಮಂಗೆ ಜ್ವರ ಇಲ್ಲ. ಇರೋದೊಂದೇ ಬಿಳಿ ಸೀರೆ, ಅದಿನ್ನೂ ಒಣಗಿಲ್ಲ.”