ಕಂಪನಿಗೆ ಗೊತ್ತಾಗದ ಡಬ್ಬಿ

ಪಾಲಾಕ್ಷಪ್ಪನ ಹನ್ನೆರಡು ವರ್ಷದ ಹಳೇ ಲಾರಿ ತನ್ನ ಹೊಚ್ಚ ಹೊಸ ಲಾರಿಯನ್ನು ಕೂಡ್ಲಿಗಿ ಆಚೆಯ ಏರಿನಲ್ಲಿ ಹಿಂದೆ ಹಾಕಿತು ಎಂಬ ಸುದ್ದಿಯನ್ನು ಪ್ರವೀಣಕುಮಾರ್ ಕೇಳಿದ್ದು ಹರಪನಹಳ್ಳಿಯ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ, ಹತ್ತು ಜನರ ನಡುವೆ, ಅದೂ ಪಾಲಾಕ್ಷಪ್ಪನ ಬಾಯಿಂದಲೇ.

“ನಿಮ್ದು ಹೊಸಾ ಗಾಡಿ, ಮೆತ್ತಗ ಬರ್ಲಿ ಬಿಡ್ರಿ. ನಿಮ್ಮ ಓಬಣ್ಣಗ ಕೈ ಮಾಡಿ ನಾ ಮುಂದ ಹೋದೆ.”

ಹೇಳುವಾಗ ಪಾಲಾಕ್ಷಪ್ಪ ನಗಲಿಲ್ಲ. ನಕ್ಕಿದ್ದರೆ ಪ್ರವೀಣಕುಮಾರ್ ಹೇಗೋ ಸಹಿಸುತ್ತಿದ್ದ. ಆ ಮನುಷ್ಯ ನಿಜವಾಗಿಯೂ ಸಮಾಧಾನ ಹೇಳುವವನ ಹಾಗೆ ಹೇಳಿದ. ನಿನ್ನೆ ಮೊನ್ನೆಯವರೆಗೆ ಕುರಿಮಂದೆಯ ಹಿಂದೆ ನಡೆದವನು, ದಲ್ಲಾಳಿ ಮರುಳಪ್ಪನವರ ಮಗನಾದ ತನಗೆ ಸಮಾಧಾನ ಹೇಳುವುದೆಂದರೆ! ಪ್ರವೀಣಕುಮಾರನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಮಾನದ ಮಾತು ಹಾಗಿರಲಿ, ಹೊಟ್ಟೆಯ ಮಾತೂ ಇತ್ತು. ಹೊಸಪೇಟೆ ಕಡೆಯ ಕೋಳಿ ಆಹಾರದ ಕಾರ್ಖಾನೆಯಲ್ಲಿ ಮೊದಲು ಬಂದ ಲಾರಿಗೆ ಮೊದಲ ಟೋಕನ್ನು. ಹತ್ತು ಲಾರಿ ಖಾಲಿಯಾದವೆಂದರೆ ಗೇಟು ಮುಚ್ಚಿತು. ಹನ್ನೊಂದನೆಯವನು ಮರುದಿನದವರೆಗೆ ಬೇವಿನ ಮರದ ಕೆಳಗೆ ಆಕಳಿಸುತ್ತ ಕೂರಬೇಕು, ಅಷ್ಟರಲ್ಲಿ ಊರಿನಲ್ಲಿ ಅವನ ಮುಂದಿನ ಲೋಡು ಇನ್ನೊಬ್ಬನ ಪಾಲು. ಎರಡು ತಿಂಗಳಿಂದ ಹಾಗೆ ಕೂರುತ್ತಿದ್ದದ್ದು ಓಬಣ್ಣ, ಅವನ ಡ್ರೈವರು. ಅಪ್ಪನ ದಲ್ಲಾಳಿ ಅಂಗಡಿಯಲ್ಲಿ ಅಣ್ಣನ ಕೈಕೆಳಗೆ ಚೀಲ ಎಣಿಸುವುದು ತನ್ನಿಂದಾಗದು ಎಂದು ಮನೆಮಂದಿಯ ಮುಂದೆ ಕೂಗಾಡಿ, ಪಾಲಿನ ಹೊಲ ಮಾರಿ ಈ ಲಾರಿ ತಂದಿದ್ದ ಪ್ರವೀಣಕುಮಾರ್. ಲಾರಿ ನಿಂತರೆ ಮತ್ತೆ ಆ ಚೀಲಗಳ ಮುಂದೆಯೇ ಹೋಗಿ ನಿಲ್ಲಬೇಕು, ಅಣ್ಣ ಒಂದು ಮಾತೂ ಆಡದೆ ಲೆಕ್ಕದ ಪುಸ್ತಕ ಕೈಗಿಡುತ್ತಾನೆ. ಆ ಒಂದು ದೃಶ್ಯವನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ತಪ್ಪು ತನ್ನದಲ್ಲ, ಕಂಪನಿಯದು ಎಂದು ಅವನು ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ತೀರ್ಮಾನಿಸಿದ. ಇದೇ ಎಂಜಿನ್ನನ್ನು ಕಂಪನಿ ದೊಡ್ಡ ಲಾರಿಗೂ ಕೂರಿಸುತ್ತದಂತೆ, ಅಲ್ಲಿ ಹೆಚ್ಚು ಎಳೆಯುತ್ತದಂತೆ. ಸಣ್ಣ ಲಾರಿ ಕೊಂಡವನಿಗೆ ಮಾತ್ರ ಕಂಪ್ಯೂಟರಿನಲ್ಲಿ ಬಿಗಿ ಹಿಡಿದು ಮಾರುತ್ತಾರೆ. ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ ಕಣದಲ್ಲಿ ತಿರುಗಿಸಿದ ಹಾಗೆ. ಕುಕ್ಕೆ ಬಿಚ್ಚುವುದು ಹೇಗೆ ಕಳ್ಳತನವಾಗುತ್ತದೆ? ಎತ್ತು ತನ್ನದೇ ಅಲ್ಲವೇ?

ಕುಕ್ಕೆ ಬಿಚ್ಚುವವನು ಹೊಸಪೇಟೆಯಲ್ಲಿ ಸಿಕ್ಕ. ಹೆಸರು ಹೇಳದ, ರಸೀದಿ ಕೊಡದ ಒಬ್ಬ ತೆಳ್ಳನೆಯ ಮನುಷ್ಯ. ಅವನು ಕೂರಿಸುವ ಚಿಪ್ ಎಂದರೆ ಅಂಗೈಯಗಲದ ಕಪ್ಪು ಡಬ್ಬಿ. ಡೀಸೆಲ್ಲಿನ ಒತ್ತಡ ಅಳೆಯುವ ಸೆನ್ಸರಿಗೂ ಲಾರಿಯ ಕಂಪ್ಯೂಟರಿಗೂ ನಡುವೆ ಕುಳಿತು, ಒತ್ತಡ ಕಮ್ಮಿ ಇದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವುದು ಅದರ ಕೆಲಸ. ಆ ಪೆದ್ದು ಕಂಪ್ಯೂಟರು ನಂಬಿ ಇನ್ನಷ್ಟು ಡೀಸೆಲ್ ಕಳಿಸುತ್ತದೆ, ಲಾರಿ ಎದೆಯುಬ್ಬಿಸಿ ಏರು ಹತ್ತುತ್ತದೆ. ನಡುವೆ ನಿಂತು ಇಬ್ಬರಿಗೂ ಗೊತ್ತಾಗದಂತೆ ಸುಳ್ಳು ಹೇಳುವ ಈ ವಿದ್ಯೆ ದಲ್ಲಾಳಿ ಮನೆಯಲ್ಲಿ ಹುಟ್ಟಿದ ಪ್ರವೀಣಕುಮಾರನಿಗೆ ಬಹಳ ಹಿಡಿಸಿತು.

“ಇದರಾಗ ಐದು ನಂಬರ್ ಅದಾವ್ರಿ,” ಎಂದ ಆ ಮನುಷ್ಯ. “ಎರಡ್ರ ಮ್ಯಾಲ ಒಯ್ಯಬ್ಯಾಡ್ರಿ. ಐದಕ್ಕ ಇಟ್ರ ಒಳಗ ಪಿಸ್ಟನ್ ಸುಡ್ತೈತಿ.”

“ವಾರಂಟಿ ಐತಲ್ಲ.”

“ಇದನ್ನ ಹಾಕ್ಸಿದ್ರ ವಾರಂಟಿ ಇರಂಗಿಲ್ರಿ.”

“ಹಾಕ್ಸಿದ್ದು ಗೊತ್ತಾದ್ರ,” ಎಂದ ಪ್ರವೀಣಕುಮಾರ್.

ಆ ಮನುಷ್ಯ ಇವನ ಮುಖವನ್ನೊಮ್ಮೆ ನೋಡಿ ಸ್ಪ್ಯಾನರು ಕೈಗೆತ್ತಿಕೊಂಡ. ಆ ನೋಟವನ್ನು ಪ್ರವೀಣಕುಮಾರ್ ಮೆಚ್ಚುಗೆ ಎಂದುಕೊಂಡ.

ಗೊತ್ತಾಗದಿರಲು ಮಾಡಬೇಕಾದ್ದನ್ನೆಲ್ಲ ಅವನು ಮಾಡಿದ. ಚಾಪೆಯ ಕೆಳಗೆ ತೂರುವವರು ಕಂಪನಿಯವರಾದರೆ ತಾನು ರಂಗೋಲಿಯ ಕೆಳಗೆ ತೂರುವವನು ಎಂಬ ಹೆಮ್ಮೆಯಿಂದಲೇ ಮಾಡಿದ. ಲಾರಿಯ ಮೈಗೆ ತೂತು ಕೊರೆಯಲು ಬಿಡಲಿಲ್ಲ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಸಿದ. ವೈರು ಕತ್ತರಿಸಲು ಬಿಡಲಿಲ್ಲ, ಕಂಪನಿಯದೇ ನಮೂನೆಯ ಪ್ಲಗ್ಗು ಹುಡುಕಿಸಿದ. ಕಂಪ್ಯೂಟರನ್ನು ಮುಟ್ಟಿಯೇ ಇಲ್ಲವಾದ್ದರಿಂದ ಅದರ ಹೊಟ್ಟೆ ಬಗೆದರೂ ಏನೂ ಸಿಗದು. ನವೆಂಬರಿನಲ್ಲಿ ಸರ್ವಿಸ್ಸಿಗೆ ಬಿಡುವ ಮುನ್ನ ಕ್ಯಾಬಿನ್ ಎತ್ತಿ ಡಬ್ಬಿ ಕಿತ್ತ. ಕಿತ್ತ ಜಾಗ ಸುತ್ತಲಿಗಿಂತ ಸ್ವಚ್ಛವಾಗಿ ಹೊಳೆಯುತ್ತಿತ್ತು. ಬೇರೆ ಯಾವ ದಡ್ಡನಾದರೂ ಅಲ್ಲೇ ಸಿಕ್ಕಿಬೀಳುತ್ತಿದ್ದ. ಪ್ರವೀಣಕುಮಾರ್ ಎಂಜಿನ್ ಆಯಿಲನ್ನು ಬೆರಳಿನಿಂದ ತೆಳ್ಳಗೆ ಸವರಿ, ಮೇಲೆ ಮಾರುಕಟ್ಟೆಯ ನೆಲದಿಂದ ತಂದ ಜೋಳದ ಧೂಳನ್ನು ಊದಿದ. ಹತ್ತು ನಿಮಿಷದಲ್ಲಿ ಒಂದು ವರ್ಷದ ಕೊಳೆ ತಯಾರಾಯಿತು.

ಸರ್ವಿಸ್ ಕೇಂದ್ರದ ಮ್ಯಾನೇಜರ್ ಅರುಣಕುಮಾರ್ ಏನನ್ನೂ ಕಾಣಲಿಲ್ಲ. “ಗಾಡಿ ಚಲೋ ಇಟ್ಕೊಂಡೀರಿ ನೋಡ್ರಿ,” ಎಂದು ಚಹಾ ತರಿಸಿಕೊಟ್ಟ. ಇಂಥವರಿಗೆ ಕುರ್ಚಿ ಕೊಟ್ಟವರಾರು ಎಂದುಕೊಳ್ಳುತ್ತ ಪ್ರವೀಣಕುಮಾರ್ ಆ ಚಹಾ ಕುಡಿದ.

ಸರ್ವಿಸ್ ಮುಗಿದೊಡನೆ ಡಬ್ಬಿ ಮತ್ತೆ ತನ್ನ ಜಾಗ ಸೇರಿತು. ಮೊದಲು ಎರಡಕ್ಕಿದ್ದ ನಂಬರು ಬಹಳ ದಿನ ಎರಡಕ್ಕೇ ಇರಲಿಲ್ಲ. ಎರಡಕ್ಕೆ ಪಾಲಾಕ್ಷಪ್ಪನ ಸಮಸಮ ಹೋಗಬಹುದಿತ್ತು. ಮೂರಕ್ಕೆ ಹಿಂದೆ ಹಾಕಬಹುದಿತ್ತು. ಐದಕ್ಕಿಟ್ಟರೆ ಹಿಂದೆ ಹಾಕುವುದು ಮಾತ್ರವಲ್ಲ, ಅವನ ಗಾಜಿನ ತುಂಬ ಕರಿಹೊಗೆ ಚೆಲ್ಲಬಹುದಿತ್ತು. ಐದಕ್ಕೇ ಇಟ್ಟ. ಟೋಕನ್ನು ಮೊದಲನೆಯದೇ ಸಿಗತೊಡಗಿತು.

“ಎಂಜಿನ್ನು ಯಾಕೋ ಬ್ಯಾರೆ ನಮೂನಿ ಕೂಗಾಕತ್ತೈತಿ ಸಾವ್ಕಾರ್ರ,” ಎಂದು ಓಬಣ್ಣ ಎರಡು ಸಲ ಹೇಳಿದ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು. ಮೂವತ್ತು ವರ್ಷವಾದರೂ ಸ್ವಂತ ಲಾರಿ ಮಾಡಲಾಗದವನ ಕಿವಿಗೆ ಏನು ಬೆಲೆ? ಪ್ರವೀಣಕುಮಾರ್ ಕೇಳಿಸಿಕೊಳ್ಳಲೇ ಇಲ್ಲ.

ಸಂಕ್ರಾಂತಿ ಮುಗಿದ ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಕೂಡ್ಲಿಗಿಯ ಅದೇ ಏರಿನಲ್ಲಿ, ಎಂಜಿನ್ನು ಒಂದು ಸಲ ಕೆಮ್ಮಿ, ಬಿಳಿಹೊಗೆ ಕಾರಿ ನಿಂತುಬಿಟ್ಟಿತು.

ಓಬಣ್ಣನ ಫೋನು ಬಂದಾಗ ಪ್ರವೀಣಕುಮಾರನಿಗೆ ಲೆಕ್ಕದ ಪುಸ್ತಕ ಚಾಚಿದ ಅಣ್ಣನ ಕೈ ಕಣ್ಣಮುಂದೆ ಬಂತು. ಅರೆಗಳಿಗೆ ಅಷ್ಟೇ. ಈ ದಿನಕ್ಕೆಂದೇ ಅಲ್ಲವೇ ಇಷ್ಟೆಲ್ಲ ಸಿದ್ಧತೆ? “ಕಂಪನಿಗೆ ಫೋನ್ ಹಚ್ಚಬ್ಯಾಡ. ನಾ ಬರೋತನ ಯಾರ್ನೂ ಮುಟ್ಟಾಕ ಬಿಡಬ್ಯಾಡ,” ಎಂದು ಹೇಳಿ ಬೈಕು ಹತ್ತಿದ. ಕೊಟ್ಟೂರು ದಾಟಿ, ಕೂಡ್ಲಿಗಿ ದಾಟಿ, ಎರಡು ತಾಸಿನೊಳಗೆ ಲಾರಿಯ ಬಳಿ ಇದ್ದ. ಡಬ್ಬಿ ಕಿತ್ತ, ಕಂಪನಿಯ ಪ್ಲಗ್ಗನ್ನು ಕಂಪನಿಯ ಜಾಗಕ್ಕೆ ಒತ್ತಿದ, ಆಯಿಲ್ ಸವರಿದ, ಧೂಳು ಊದಿದ. ಧೂಳಿನ ಪೊಟ್ಟಣ ಬೈಕಿನ ಡಿಕ್ಕಿಯಲ್ಲಿ ಸದಾ ಇರುತ್ತಿತ್ತು. ಆಮೇಲೆಯೇ ಕಂಪನಿಗೆ ಫೋನು ಮಾಡಿ, ಹೊಸ ಗಾಡಿ ನಡುದಾರಿಯಲ್ಲಿ ಕೈಕೊಟ್ಟಿತೆಂದು ಹತ್ತು ನಿಮಿಷ ಜೋರು ಮಾಡಿದ. ಸಂಜೆಯೊಳಗೆ ಲಾರಿಯನ್ನು ಸರ್ವಿಸ್ ಕೇಂದ್ರಕ್ಕೆ ಎಳೆದು ತಂದರು.

ಉಳಿದದ್ದು ಓಬಣ್ಣನ ಬಾಯಿ.

“ಯಾರರ ಕೇಳಿದ್ರ ಏನೂ ಹಾಕ್ಸಿರಲಿಲ್ಲ ಅನ್ನು,” ಎಂದ ಪ್ರವೀಣಕುಮಾರ್.

ಓಬಣ್ಣ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. “ನಾನಾಗಿ ಹೋಗಿ ಹೇಳಂಗಿಲ್ರಿ. ಕೇಳಿದ್ರ ಸುಳ್ಳು ಹೇಳಾಕ ನನಗ ಬರಂಗಿಲ್ಲ.”

“ಅನ್ನ ಹಾಕಿದವರಿಗೆ ಇಷ್ಟು ಮಾಡಾಕ ಆಗಂಗಿಲ್ಲೇನು?”

“ಅನ್ನ ನಾ ದುಡದು ಉಂಡೀನ್ರಿ ಸಾವ್ಕಾರ್ರ.”

ಬಡವನ ಸೊಕ್ಕು ಎಂದುಕೊಂಡ ಪ್ರವೀಣಕುಮಾರ್. ಆದರೆ ಜಗಳಕ್ಕೆ ಇದು ವೇಳೆಯಲ್ಲ. ಕೇಳುವವರಿಗೆ ಸಿಗದಿದ್ದರಾಯಿತು. ಮರುದಿನ ತಾನೇ ಓಬಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಡಗಲಿ ದಾಟಿ ಅವನ ಊರು ಮಾಗಳಕ್ಕೆ ಬಿಟ್ಟುಬಂದ. ಲಾರಿ ರಿಪೇರಿಯಾಗುವವರೆಗೆ ಆರಾಮ ಮಾಡು ಎಂದ. ಓಬಣ್ಣನ ಹೆಂಡತಿ ಅಂಜಿನಕ್ಕ, ಬಿಸಿಲಲ್ಲಿ ಬಂದೀರಿ, ರೊಟ್ಟಿ ಉಂಡು ಹೋಗ್ರಿ ಎಂದಳು. ಉಣ್ಣದೆ ಹೊಳೆಯ ದಂಡೆಗೆ ಹೋಗಿ ಪ್ರವೀಣಕುಮಾರ್ ಡಬ್ಬಿಯನ್ನು ತುಂಗಭದ್ರೆಯ ಮಡುವಿಗೆ ಎಸೆದ. ಸಾಕ್ಷಿ ಹೇಳುವವನೂ ಸಾಕ್ಷಿಯೂ ಒಂದೇ ಊರಿನಲ್ಲಿ ಮುಗಿದವು.

ನಾಲ್ಕು ದಿನ ಬಿಟ್ಟು ಹುಬ್ಬಳ್ಳಿಯಿಂದ ಕಂಪನಿಯ ಪರೀಕ್ಷಕರು ಬರುತ್ತಾರೆಂದು ಸುದ್ದಿ ಬಂತು. ಬಂದದ್ದು ಗೀತಾಂಜಲಿ ಎಂಬ ಮೂವತ್ತರ ಹೆಂಗಸು. ಪ್ರವೀಣಕುಮಾರನಿಗೆ ನಗು ತಡೆಯುವುದು ಕಷ್ಟವಾಯಿತು. ಹಳ್ಳಿಯ ಗಿರಾಕಿಯೆಂದರೆ ಕಂಪನಿಗೆ ಇಷ್ಟು ಅಗ್ಗ! ಆಕೆ ಜಡೆಯನ್ನು ಟೊಪ್ಪಿಗೆಯೊಳಗೆ ಸಿಕ್ಕಿಸಿ, ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎರಡು ತಾಸು ನೋಡಿದಳು. ಕರಗಿದ ಪಿಸ್ಟನ್ನಿನ ಮೇಲೆ ಬೆರಳಾಡಿಸಿದಳು. ಪ್ಲಗ್ಗು ಬಿಚ್ಚಿ ಟಾರ್ಚು ಹಾಕಿ ಇಣುಕಿದಳು. ಕಂಪ್ಯೂಟರಿಗೆ ವೈರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ಸಾಲುಸಾಲು ಅಂಕಿ ಓದಿದಳು. ಕೊನೆಗೆ ಮ್ಯಾನೇಜರನ ಕೋಣೆಗೆ ಬಂದು ಕೈ ಒರೆಸಿಕೊಂಡಳು.

“ಡೀಸೆಲ್ ಹೆಚ್ಚಾಗೇ ಸುಟ್ಟೈತ್ರಿ ಇದು. ಹೊರಗಿಂದ ಏನರ ಹಾಕ್ಸಿದ್ರೇನು? ಚಿಪ್ಪು ಗಿಪ್ಪು?”

“ಹಂಗಂದ್ರ ಏನ್ರಿ ಮೇಡಂ?” ಎಂದ ಪ್ರವೀಣಕುಮಾರ್. ಈ ಒಂದು ಮಾತನ್ನು ಅವನು ಕನ್ನಡಿಯ ಮುಂದೆ ಮೂರು ದಿನ ರೂಢಿಸಿಕೊಂಡಿದ್ದ.

ಗೀತಾಂಜಲಿ ಹೇಳಿದಳು. ಅವನು ಹಳ್ಳಿಯವನ ಹಾಗೆ ಬಾಯಿ ತೆರೆದು ಕೇಳಿದ. ಆಮೇಲೆ ತಾನಾಗಿಯೇ ಒಂದು ದಾರಿ ತೋರಿಸಿದ: ನವೆಂಬರಿನಲ್ಲಿ ಇಲ್ಲೇ ಸರ್ವಿಸ್ ಮಾಡಿದ್ದು, ಆವತ್ತೇ ಯಾರೋ ಮೆಕ್ಯಾನಿಕ್ ಇಂಜೆಕ್ಟರ್ ಕೆಡಿಸಿರಬಹುದಲ್ಲವೇ? ಅರುಣಕುಮಾರನ ಮುಖ ಕಪ್ಪಿಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಯಾರೋ ಒಬ್ಬ ಮೆಕ್ಯಾನಿಕ್ಕಿನ ಕೆಲಸ ಹೋಗಬಹುದು. ಹೋಗಲಿ, ಕೈ ತುಂಬ ಕೊಳೆ ಮಾಡಿಕೊಳ್ಳುವವರಿಗೆ ಊರಿನಲ್ಲಿ ಬರವೇ?

ಗೀತಾಂಜಲಿ ಲ್ಯಾಪ್‌ಟಾಪನ್ನು ಮುಚ್ಚಿಟ್ಟಳು. “ನನಗೇನೋ ಅನುಮಾನ ಐತಿ,” ಎಂದಳು. “ಆದ್ರ ಅನುಮಾನದ ಮ್ಯಾಲ ವಾರಂಟಿ ತಗದು ಹಾಕಾಕ ಬರಂಗಿಲ್ಲ. ಏನೂ ಹಾಕ್ಸಿಲ್ಲ ಅಂತ ಬರದು ಸಹಿ ಮಾಡ್ರಿ. ಸುಳ್ಳಾದ್ರ ಕಂಪನಿ ಕೇಸ್ ಹಾಕ್ತೈತಿ, ಹಾಳಿ ಮ್ಯಾಲ ಅಚ್ಚಾಗಿದ್ದು ಓದಿ ಸಹಿ ಮಾಡ್ರಿ.”

ಪ್ರವೀಣಕುಮಾರ್ ಓದುವ ನಟನೆಯನ್ನೂ ಮಾಡಲಿಲ್ಲ. ಲಾರಿಗೆ ಕಂಪನಿಯದಲ್ಲದ ಯಾವ ಉಪಕರಣವನ್ನೂ ಎಂದೂ ಜೋಡಿಸಿಲ್ಲ ಎಂದು ದುಂಡಗೆ ಬರೆದು, ಕೆಳಗೆ ಅಪ್ಪನ ಹೆಸರು ಸೇರಿಸಿ ದೊಡ್ಡ ಸಹಿ ಹಾಕಿದ. ಆಕೆಯೂ ಹೊಸ ಎಂಜಿನ್ನಿಗೆ ಒಪ್ಪಿಗೆಯ ಕಾಗದ ತುಂಬಿದಳು. ಕೋಣೆಯಲ್ಲಿದ್ದವರನ್ನು ಅವನು ಒಬ್ಬೊಬ್ಬರನ್ನಾಗಿ ನೋಡಿದ. ಪಿಸ್ಟನ್ನು ನೋಡಿದರೂ ಕಳ್ಳನನ್ನು ನೋಡಲಾಗದವಳು. ಬೈದರೂ ಬಾಯಿಬಿಡದ ಮ್ಯಾನೇಜರು. ಇವರ ನಡುವೆ ಬುದ್ಧಿಯಿದ್ದವನು ಬದುಕುವುದು ಎಷ್ಟು ಸುಲಭ ಎನಿಸಿ, ಅವನಿಗೆ ಅವರ ಮೇಲೆ ಕನಿಕರವೂ ಬಂತು.

“ಎಂಜಿನ್ನು ಎಂದು ಬರ್ತೈತ್ರಿ ಮೇಡಂ? ನಮ್ಮ ದುಡಿಮಿ ನಿಂತೈತಿ,” ಎಂದು ಸ್ವಲ್ಪ ದನಿ ಏರಿಸಿಯೇ ಕೇಳಿದ.

“ಫೆಬ್ರವರಿ ಮೂರನೇ ತಾರೀಖು. ತಡೀರಿ, ಯಾವ ವಾರ ಬರ್ತೈತಿ ನೋಡ್ತೀನಿ,” ಎಂದು ಗೀತಾಂಜಲಿ ಎದ್ದು, ಗೋಡೆಯ ಮೇಲೆ ತೂಗುತ್ತಿದ್ದ ಷೋರೂಮಿನ ಹೊಸ ಕ್ಯಾಲೆಂಡರಿನ ಜನವರಿ ಹಾಳೆಯನ್ನು ಮೇಲಕ್ಕೆತ್ತಿದಳು. ತಿಂಗಳಿಗೊಬ್ಬ ಗಿರಾಕಿಯ ಲಾರಿಯ ಫೋಟೋ ಹಾಕಿಸಿ ಅದನ್ನು ಹುಬ್ಬಳ್ಳಿಯಲ್ಲಿ ಅಚ್ಚು ಮಾಡಿಸಿದ್ದರು, ಫೆಬ್ರವರಿಯನ್ನು ಇನ್ನೂ ಯಾರೂ ತೆರೆದಿರಲಿಲ್ಲ. ಫೆಬ್ರವರಿಯ ಲಾರಿ ಪ್ರವೀಣಕುಮಾರನದು. ಅಕ್ಟೋಬರಿನಲ್ಲಿ ಆಯುಧಪೂಜೆಯ ಫೋಟೋ ಕಳಿಸಿ ಎಂದು ಷೋರೂಮಿನವರು ಗಿರಾಕಿಗಳ ಮನೆಗಳಿಗೆಲ್ಲ ಕೇಳಿಕೊಂಡಾಗ ಅವನ ಹೆಂಡತಿ ಪುಷ್ಪಲತಾ ಅವನಿಗೆ ಹೇಳದೆ ಕಳಿಸಿದ್ದ ಚಿತ್ರ. ಕ್ಯಾಬಿನ್ ಎತ್ತಿ ಎಂಜಿನ್ನಿಗೆಲ್ಲ ವಿಭೂತಿ ಬಳಿದಿದ್ದರು, ಪಕ್ಕದಲ್ಲಿ ಪ್ರವೀಣಕುಮಾರ್ ಹೊಸ ಅಂಗಿ ತೊಟ್ಟು ತೆಂಗಿನಕಾಯಿ ಹಿಡಿದು ನಿಂತಿದ್ದ. ಮನೆಗೆ ಯಾವ ವಸ್ತು ಕೊನೆಗೆ ಬಂದಿದೆಯೋ ಅದಕ್ಕೇ ಆ ವರ್ಷದ ಮೊದಲ ಪೂಜೆ, ನೇಗಿಲ ಕಾಲದಿಂದ ಬಂದ ಪದ್ಧತಿ. ಪುಷ್ಪಲತಾ ತಪ್ಪಿಸಿರಲಿಲ್ಲ. ಎಂಜಿನ್ನಿನ ಬಗಲಲ್ಲಿದ್ದ ಕಪ್ಪು ಡಬ್ಬಿಗೆ ಎಲ್ಲಕ್ಕಿಂತ ದೊಡ್ಡ ಕುಂಕುಮದ ಬೊಟ್ಟು, ಅದರ ಸುತ್ತ ಚೆಂಡುಹೂವಿನ ಮಾಲೆ, ಮಾಲೆಯ ನಡುವೆ ಡಬ್ಬಿಯ ಐದು ನಂಬರುಗಳೂ ಓದುವಷ್ಟು ಸ್ಪಷ್ಟ. ಗೀತಾಂಜಲಿ ಚಿತ್ರದ ಹತ್ತಿರಕ್ಕೆ ಮುಖ ಒಯ್ದು ನೋಡಿದಳು, ಕೆಳಗೆ ಅಚ್ಚಾಗಿದ್ದ ಹೆಸರನ್ನೂ ಲಾರಿಯ ನಂಬರನ್ನೂ ನಿಧಾನವಾಗಿ ಓದಿದಳು. ಆಮೇಲೆ ತಿರುಗಿ ಕೈ ಚಾಚಿ, “ಆ ಸಹಿ ಮಾಡಿದ ಹಾಳಿ ಕೊಡ್ರಿ ಇಲ್ಲೆ,” ಎಂದಳು.