ಆಸೆ ಬಂದಾಗ ಫೋನ್ ಮಾಡಿ

ಕಂಪನಿಯ ಕ್ರೀಡಾಕೂಟದಲ್ಲಿ ದಾಕ್ಷಾಯಣಿ ಓಡಿದ್ದು ಯಾರ ಒತ್ತಾಯಕ್ಕೂ ಅಲ್ಲ, ತನ್ನದೇ ಜಂಬಕ್ಕೆ. ರಾಣೆಬೆನ್ನೂರಿನ ಹುಡುಗಿ. ಕಾಲೇಜಿನಲ್ಲಿ ಖೋಖೋ ಆಡಿ ಯೂನಿವರ್ಸಿಟಿ ತಂಡದವರೆಗೆ ಹೋಗಿದ್ದವಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡು ತಯಾರಿಸುವ ಈ ಕಂಪನಿಗೆ ಟೆಸ್ಟ್ ಇಂಜಿನಿಯರಾಗಿ ಸೇರಿ ಇನ್ನೂ ಮೂರು ವರ್ಷ. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಗೆರೆಯ ಮೇಲೆ ನಿಂತಾಗ, ಅಕೌಂಟ್ಸಿನ ಹುಡುಗಿಯರೆಲ್ಲ ತನ್ನ ಬೆನ್ನು ನೋಡಿಕೊಂಡೇ ಓಡಬೇಕು ಅಂದುಕೊಂಡಿದ್ದಳು.

ಅರ್ಧ ದಾರಿಯವರೆಗೆ ಹಾಗೇ ಆಯಿತು. ಆಮೇಲೆ ಎದೆಯೊಳಗೆ ಗಾಳಿಗೆ ಜಾಗವೇ ಇಲ್ಲದಂತಾಯಿತು. ಒಬ್ಬೊಬ್ಬರಾಗಿ ಎಲ್ಲರೂ ದಾಟಿಹೋದರು. ಕೊನೆಗೆ ಕ್ಯಾಂಟೀನಿನ ಬೈರಮ್ಮ ಕೂಡ ಸೀರೆ ಎತ್ತಿ ಕಟ್ಟಿಕೊಂಡು, ನಗುತ್ತ ನಗುತ್ತ, ಅವಳನ್ನು ಹಿಂದೆ ಹಾಕಿದಳು.

ಯಾರ ಕಣ್ಣಿಗೂ ಬೀಳದೆ ಶಾಮಿಯಾನದ ಹಿಂದಿನ ಹೊಂಗೆಮರದ ಕಡೆಗೆ ಹೋಗಿ, ಮೊಣಕಾಲ ಮೇಲೆ ಕೈಯೂರಿ ಕೆಮ್ಮಿದಳು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು.

ಮರದ ಆಚೆ ಬದಿಯಿಂದ ಇನ್ನೊಂದು ಕೆಮ್ಮು ಕೇಳಿಸಿತು.

ಹಗ್ಗಜಗ್ಗಾಟದಲ್ಲಿ ಸೋತು, ಮಂಡಿಯವರೆಗೆ ಕೆಮ್ಮಣ್ಣು ಮೆತ್ತಿಕೊಂಡು ಕೂತಿದ್ದವನು ಮೇಂಟೆನೆನ್ಸ್ ವಿಭಾಗದ ಅಂಬರೀಶ್. ಎಸಿ ಕೆಟ್ಟರೆ, ಕರೆಂಟು ಹೋದರೆ ಇಡೀ ಕಂಪನಿ ಕೂಗುವ ಹೆಸರು. ಉಳಿದ ಹೊತ್ತಿನಲ್ಲಿ ಅವನು ಇದ್ದಾನೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ.

"ಓಡಿದ್ದಕ್ಕೆ ಬರೋ ಕೆಮ್ಮಲ್ಲ ಮೇಡಂ ಇದು," ಅಂದ, ಉಸಿರು ಸರಿಮಾಡಿಕೊಳ್ಳುತ್ತ. "ಇದು ನಮ್ಮ ಪಾರ್ಟಿ ಕೆಮ್ಮು."

"ಯಾವ ಪಾರ್ಟಿರೀ?"

ಅವನು ಎರಡು ಬೆರಳನ್ನು ತುಟಿಯ ಹತ್ತಿರ ತಂದು ತೋರಿಸಿದ.

ದಾಕ್ಷಾಯಣಿಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಪುಣೆಯಲ್ಲಿ ಟ್ರೈನಿಂಗಿಗೆಂದು ಹೋಗಿದ್ದಾಗ ಹಾಸ್ಟೆಲಿನ ಗೆಳತಿಯರ ಜೊತೆ ತಮಾಷೆಗೆ ಹಚ್ಚಿದ್ದು, ಗೆಳತಿಯರು ಚದುರಿಹೋದರೂ ತನ್ನ ಹಿಂದೆಯೇ ಬೆಂಗಳೂರಿಗೆ ಬಂದಿತ್ತು. ಬಿಟಿಎಂ ಲೇಔಟಿನ ಅಣ್ಣನ ಮನೆಯಲ್ಲಿ ಅವಳದು ಒಂದು ಕೋಣೆ. ದುಪ್ಪಟ್ಟಾ ಮೂಸಿ ನೋಡಿ ಕೇಳುವ ಅತ್ತಿಗೆಗೆ, "ಸೋಲ್ಡರಿಂಗ್ ಹೊಗಿ ವೈನಿ," ಎಂದು ಹೇಳಿ ಹೇಳಿ ಅವಳಿಗೇ ಅದು ನಿಜವೆನ್ನಿಸತೊಡಗಿತ್ತು. ಸೇದುತ್ತಿದ್ದದ್ದು ಊಟದ ಬಿಡುವಿನಲ್ಲಿ, ಜನರೇಟರ್ ಶೆಡ್ಡಿನ ಹಿಂದೆ, ಯಾರೂ ಸುಳಿಯದ ಮೂಲೆಯಲ್ಲಿ.

"ಹೆದರ್ಕೋಬೇಡಿ. ಶೆಡ್ ಹಿಂದೆ ನೀವು ಬಿಟ್ಟು ಹೋಗೋ ತುಂಡು ದಿನಾ ನಾನೇ ಗುಡಿಸಿ ಹಾಕ್ತೀನಿ. ಇನ್ನೂ ಯಾರಿಗೂ ಗೊತ್ತಿಲ್ಲ," ಅಂದ ಅಂಬರೀಶ್.

ಆ 'ಇನ್ನೂ' ಅನ್ನುವ ಮಾತು ಅವಳನ್ನು ಮನೆಯವರೆಗೆ ಅಟ್ಟಿಸಿಕೊಂಡು ಬಂತು. ಗಂಡಸರು ಸೇದಿದರೆ ಬೇಸರ, ಹೆಂಗಸು ಸೇದಿದರೆ ಸುದ್ದಿ. ಆ ಸುದ್ದಿ ಕಂಪನಿ ಬಸ್ಸಿಗಿಂತ ಬೇಗ ಊರು ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನೇರವಾಗಿ ಮೇಂಟೆನೆನ್ಸ್ ರೂಮಿಗೆ ನುಗ್ಗಿದಳು. ಅವನು ಸುಟ್ಟ ಫ್ಯೂಸೊಂದನ್ನು ಬಿಚ್ಚುತ್ತಿದ್ದ.

"ನಿಮಗ ಏನು ಬೇಕು, ಸ್ಪಷ್ಟ ಹೇಳಿಬಿಡ್ರಿ."

"ಟೆಸ್ಟರ್," ಅಂದ ಅವನು, ತಲೆ ಎತ್ತದೆ. ಆಮೇಲೆ ಎತ್ತಿ ನೋಡಿ ಗಾಬರಿಯಾಗಿ ಎದ್ದು ನಿಂತ. "ಅಯ್ಯೋ, ಮೇಡಂ! ಏನಂದ್ರಿ?"

"ನನ್ನ ಗುಟ್ಟು ಹಿಡಕೊಂಡು ಏನು ಮಾಡಬೇಕು ಅಂತ ಮಾಡೀರಿ?"

ಅವಳ ಮಾತು ಅರ್ಥವಾಗಲು ಅವನಿಗೆ ಒಂದಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನ ಮುಖ ಪೆಚ್ಚಾಯಿತು.

"ಮೇಡಂ, ಆ ಶೆಡ್ಡಲ್ಲಿ ಡೀಸೆಲ್ ಟ್ಯಾಂಕ್ ಇದೆ ಕಣ್ರೀ. ದಿನಾ ನೀವು ಅದರ ಪಕ್ಕದಲ್ಲೇ ಬೆಂಕಿಕಡ್ಡಿ ಗೀರ್ತೀರ. ನೀವು ಅಲ್ಲಿಂದ ಬರೋ ತನಕ ನನ್ನ ಜೀವ ಕೈಯಲ್ಲಿರುತ್ತೆ. ಹೇಳೋದು ಹೇಗೆ ಅಂತ ಗೊತ್ತಾಗ್ದೆ ಗುಡಿಸ್ಕೊಂಡಿದ್ದೆ."

ದಾಕ್ಷಾಯಣಿಗೆ, ಬೇಡವೆಂದರೂ, ನಗು ಬಂತು. ಅವನೂ ನಕ್ಕ. ನಕ್ಕಾಗ ಇಬ್ಬರಿಗೂ ಮತ್ತೆ ಕೆಮ್ಮು ಬಂತು.

ಟೂಲ್ ಬಾಕ್ಸಿನ ಮೇಲೆ ಕೂತು ಅವನು ತನ್ನ ಕಥೆ ಹೇಳಿದ. ಸರ್ಜಾಪುರದವನು. ಅಪ್ಪ ಲಕ್ಷ್ಮಣಪ್ಪನಿಗೆ ಬೀಡಿಯಿಂದ ಶ್ವಾಸಕೋಶ ಹೋಗಿದೆ. ಮಲಗಿದರೆ ಉಸಿರು ಸಿಗುವುದಿಲ್ಲ, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಾರೆ. ಬೆಳಿಗ್ಗೆ ಅವರನ್ನು ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುವವನು ಇವನೇ.

"ಮೈ ಒರೆಸಿ, ಬಟ್ಟೆ ಹಾಕಿ, ಹೊರಗೆ ಬಂದು ಏನು ಮಾಡ್ತೀನಿ ಹೇಳಿ? ಒಂದು ಹಚ್ತೀನಿ. ಅಪ್ಪನ ಉಸಿರು ಕಿಟಕಿಯಿಂದ ಕೇಳಿಸ್ತಿರುತ್ತೆ, ನಾನು ಸೇದ್ತಿರ್ತೀನಿ." ಅವನು ಕೈಯಲ್ಲಿನ ಫ್ಯೂಸನ್ನು ತಿರುಗಿಸುತ್ತಿದ್ದ. "ಎಷ್ಟೋ ಸಲ ಬಿಟ್ಟೆ. ಒಬ್ಬನೇ ಆದ್ರೆ ಆಗಲ್ಲ."

ಬೈರಮ್ಮ ನಗುತ್ತ ದಾಟಿಹೋದದ್ದು ಅವಳ ಕಣ್ಣಮುಂದೆ ಬಂತು.

"ಇಬ್ರೂ ಕೂಡಿ ಬಿಡೋಣೇನ್ರಿ?" ಅಂದಳು.

ಒಪ್ಪಂದ ಸರಳವಾಗಿತ್ತು. ಸೇದಬೇಕೆನ್ನಿಸಿದಾಗ ಇಂಟರ್‌ಕಾಮಿನಲ್ಲಿ ಫೋನ್ ಮಾಡುವುದು. ಆ ಆಸೆ ಒಂದು ಅಲೆಯ ಹಾಗೆ, ಬಂದು ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆಂದು ಅಪ್ಪನ ಡಾಕ್ಟರು ಅಂಬರೀಶನಿಗೆ ಹೇಳಿದ್ದರಂತೆ. ಅದು ಇಳಿಯುವವರೆಗೆ ಏನಾದರೂ ಮಾತಾಡುತ್ತಿರುವುದು. ಏನಾದರೂ.

ಮೊದಲ ವಾರ ನರಕ. ಅವಳಿಗೆ ತಲೆನೋವು, ಬಾಯೆಲ್ಲ ಹುಣ್ಣು. ಯಾರು ಮಾತಾಡಿದರೂ ಕಪಾಳಕ್ಕೆ ಬಾರಿಸಬೇಕೆನ್ನುವಷ್ಟು ಸಿಟ್ಟು. ಅವನ ಕೈ ನಡುಗಿ ಸ್ಕ್ರೂ ಡ್ರೈವರ್ ಜಾರುತ್ತಿತ್ತು. ಟೀ ಕುಡಿದರೆ ಸಿಗರೇಟು ನೆನಪಾಗುತ್ತದೆಂದು ಇಬ್ಬರೂ ಮಜ್ಜಿಗೆಗೆ ಇಳಿದರು.

"ಹಲೋ, ಮೇಂಟೆನೆನ್ಸ್."

"ಬಂದೇತ್ರಿ."

"ಜೋರಾಗಾ?"

"ಭಾಳ ಜೋರು. ಏನರೆ ಹೇಳ್ರಿ. ಲಗೂನ ಹೇಳ್ರಿ."

"ನಮ್ಮ ಹಿತ್ತಲಲ್ಲಿ ಸೀಬೆಹಣ್ಣು ಬಿಟ್ಟಿದೆ."

"ಸೀಬೆಹಣ್ಣು ಅಂದ್ರ?"

"ಸೀಬೆಹಣ್ಣು ಗೊತ್ತಿಲ್ವಾ? ಒಳಗೆ ಬೀಜ, ಹೊರಗೆ ಹಸಿರು, ಗಿಣಿ ತಿನ್ನುತ್ತಲ್ಲ..."

"ಪ್ಯಾರಲಹಣ್ಣು ಅನ್ರಿ!"

"ಪ್ಯಾರಲಾನಾ? ಅದ್ಯಾವ ದೇಶದ ಹೆಸರು ಮೇಡಂ?"

ಜಗಳ ಮುಗಿಯುವ ಹೊತ್ತಿಗೆ ಅಲೆ ಇಳಿದಿತ್ತು. ಮರುದಿನ ಅವಳ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಹಣ್ಣುಗಳಿದ್ದವು, ಜೊತೆಗೆ ಉಪ್ಪು ಖಾರದ ಪೊಟ್ಟಣ. ಅದಕ್ಕೆ ಉತ್ತರವಾಗಿ ಅವಳು ಹುರಿದ ಶೇಂಗಾ, ಬೆಲ್ಲ ಕಳಿಸಿದಳು. ಕ್ಯಾಂಟೀನಿನಲ್ಲಿ ಎದುರುಬದುರು ಕೂತಾಗ ಅವನು ಒಂದು ಶೇಂಗಾವನ್ನು ಎರಡು ಬೆರಳ ನಡುವೆ ಸಿಗರೇಟಿನ ಹಾಗೆ ಹಿಡಿದು, ಕಣ್ಣು ಅರೆಮುಚ್ಚಿ, ದೀರ್ಘವಾಗಿ ಎಳೆದಂತೆ ಮಾಡಿ ಬಾಯಿಗೆ ಹಾಕಿಕೊಂಡ. ಅವಳು ನಗು ತಡೆಯಲು ಮಜ್ಜಿಗೆ ಲೋಟದೊಳಗೆ ಮುಖ ಹುದುಗಿಸಿದಳು. ಲೋಟದ ಅಂಚಿನ ಮೇಲಿಂದ ಮತ್ತೆ ನೋಡಿದರೆ, ಅವನು ಇನ್ನೂ ನೋಡುತ್ತಲೇ ಇದ್ದ. ಈ ಸಲ ತಮಾಷೆ ಇರಲಿಲ್ಲ.

ಆ ನೋಟಕ್ಕೆ ಏನು ಮಾಡಬೇಕೆಂದು ತಿಳಿಯದೆ ಅವಳು ದುಪ್ಪಟ್ಟಾ ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

ಮಾರ್ಚ್ ಹೊತ್ತಿಗೆ ಒಂದು ಕೆಟ್ಟ ದಿನ ಬಂತು. ಹೊರದೇಶದ ಗಿರಾಕಿಗಳು ಬಂದಿದ್ದಾಗಲೇ ಇಡೀ ಲೈನಿನ ಕರೆಂಟು ಹೋಯಿತು. ಎಲ್ಲರ ಎದುರಿಗೆ ಪ್ಲಾಂಟ್ ಮ್ಯಾನೇಜರು ಅಂಬರೀಶನನ್ನು ಬೈದರು. ಅವಳ ಫೋನು ಸಂಜೆಯವರೆಗೂ ಬಡಿದುಕೊಳ್ಳಲಿಲ್ಲ. ಏನಾಗಿದೆಯೆಂದು ಅವಳಿಗೆ ಗೊತ್ತಾಗಲು ಅದೇ ಸಾಕಾಗಿತ್ತು.

ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯ ಮುಂದೆ ಅವನು ನಿಂತಿದ್ದ. ಬೆರಳ ನಡುವೆ ಕೆಂಡ ಹೊಳೆಯುತ್ತಿತ್ತು. ಅವಳು ರಸ್ತೆ ದಾಟಿ ಬಂದದ್ದು ನೋಡಿ ಅವನ ಮುಖ ತಪ್ಪು ಮಾಡಿದ ಮಗುವಿನಂತಾಯಿತು.

ಅವಳು ಬೈಯಲಿಲ್ಲ. ಬೈಯುವ ಮನಸ್ಸಿತ್ತು, ಆದರೆ ಆ ಹೊಗೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಅವಳ ಮೈಯೆಲ್ಲ ಅದಕ್ಕಾಗಿ ಹಾತೊರೆಯಿತು.

"ನಂಗೂ ಒಂದು ಎಳಿಯಾಕ ಕೊಡ್ರಿ," ಅಂದಳು. "ನಿಮ್ಮ ಪರೀಕ್ಷೆ ಮಾಡಾಕತ್ತಿಲ್ಲ. ಖರೇನ ಬೇಕಾಗೇತಿ."

ಅಂಗಡಿಯ ಮುಂದಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಅಂಬರೀಶ್ ಒಂದು ಕ್ಷಣ ಅವಳನ್ನು, ಇನ್ನೊಂದು ಕ್ಷಣ ಸಿಗರೇಟನ್ನು ನೋಡಿದ. ಅದನ್ನು ಕೆಳಗೆ ಹಾಕಿ ಹೊಸಕಿ, ಅವಳಿಗೂ ಆ ನೋಟಗಳಿಗೂ ನಡುವೆ ಬಂದು ನಿಂತ.

"ಬನ್ನಿ, ನಡೆಯೋಣ," ಅಂದ.

ಬೊಮ್ಮಸಂದ್ರದ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿ, ಲಾರಿಗಳ ಧೂಳಿನಲ್ಲಿ ಇಬ್ಬರೂ ನಡೆದರು.

"ನನ್ನಿಂದ ನೀವೂ ಸೇದಿಬಿಡ್ತಿದ್ರಿ," ಅಂದ ಕೊನೆಗೆ. "ನಾನೊಬ್ಬ ಕೆಟ್ರೆ ಕೆಡ್ಲಿ ಅಂದ್ಕೊಂಡಿದ್ದೆ."

"ಕೆಟ್ಟಿಲ್ಲ. ಎಡವೀರಿ ಅಷ್ಟ. ಆದ್ರ ಫೋನ್ ಯಾಕ ಮಾಡಲಿಲ್ಲ?"

"ಬೈಸ್ಕೊಂಡ ಮೇಲೆ ಅಳು ಬರೋ ಹಾಗಿತ್ತು. ನಿಮಗೆ ಕೇಳಿಸ್ಬಾರ್ದು ಅನ್ನಿಸ್ತು."

"ಇನ್ನ ಮ್ಯಾಲೆ ಅಳು ಬಂದ್ರೂ ಮಾಡ್ರಿ," ಅಂದಳು ದಾಕ್ಷಾಯಣಿ. ಅವನ ಕಡೆ ನೋಡದೆಯೇ ಅಂದಳು. ನೋಡಿದ್ದರೆ ಅಷ್ಟು ಹೇಳಲು ಆಗುತ್ತಿರಲಿಲ್ಲ.

ಆಮೇಲೆ ಇಬ್ಬರೂ ಎಡವಲಿಲ್ಲ. ಯುಗಾದಿ ಕಳೆಯುವ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ವೈನಿಯ ಒಗ್ಗರಣೆಯ ಘಮ ಗೇಟಿನಲ್ಲಿಯೇ ತಿಳಿಯುತ್ತಿತ್ತು. ಒಂದು ದಿನ ಮಧ್ಯಾಹ್ನ ರಿಸೀವರ್ ಎತ್ತಿಕೊಂಡಾಗ ಅವಳಿಗೆ ಥಟ್ಟನೆ ಹೊಳೆಯಿತು: ಸಿಗರೇಟು ನೆನಪಾಗಿ ವಾರದ ಮೇಲಾಗಿದೆ. ಹಾಗಾದರೆ ಈ ಚಡಪಡಿಕೆ ಯಾವುದರದ್ದು?

ಹೇಳಿಬಿಟ್ಟರೆ ಫೋನ್ ಮಾಡಲು ಕಾರಣವೇ ಉಳಿಯುವುದಿಲ್ಲ.

"ಬಂದೇತ್ರಿ," ಅಂದಳು, ಎಂದಿನಂತೆ. "ಭಾಳ ಜೋರು."

"ನಂಗೂ ಈಗ್ತಾನೆ ಬಂದಿತ್ತು," ಅಂದ ಅವನು.

ಮೇ ತಿಂಗಳ ಒಂದು ಭಾನುವಾರ ಅವಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನವರು ಬಂದರು. ಹುಡುಗ ಒಳ್ಳೆಯವನೇ, ಬ್ಯಾಂಕಿನಲ್ಲಿ ಕೆಲಸ. ಅವಲಕ್ಕಿಯ ತಟ್ಟೆ ಹಿಡಿದು ನಿಂತಾಗ ಅವಳ ಎದೆ ಮತ್ತೆ ಆ ಓಟದ ದಿನದಂತೆ ಬಿಗಿಯಿತು. ಬೆಲ್ಲ ತರುತ್ತೇನೆಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದವಳು ನೇರವಾಗಿ ರಸ್ತೆ ತಿರುವಿನ ಎಸ್‌ಟಿಡಿ ಬೂತಿಗೆ ಹೋದಳು.

ಅವನು ಕೊಟ್ಟಿದ್ದ ಸರ್ಜಾಪುರದ ಮನೆ ನಂಬರಿನಲ್ಲಿ ಫೋನು ಎತ್ತಿದ್ದು ಅವನಲ್ಲ, ಅವನ ತಾಯಿ ಅನುಸೂಯಮ್ಮ.

"ಯಾರವ್ವಾ?"

"ಅಂಬರೀಶ್ ಅವ್ರ ಆಫೀಸಿನಾಗಿಂದ್ರಿ..."

"ಓ! ಪ್ಯಾರಲೆ ಹುಡ್ಗಿ!" ಆಕೆಯ ದನಿಯಲ್ಲಿ ಸಡಗರ. "ಇರವ್ವಾ, ಕರೀತೀನಿ. ಅವ್ರಪ್ಪಂಗೆ ಮೈ ಒರೆಸ್ತಾವ್ನೆ. ಅಲ್ಲ ಕಣವ್ವಾ, ನಂಗೊಂದು ಅರ್ಥ ಆಗಕಿಲ್ಲ. ಇವ್ನಿಗೆ ಸಿಗ್ರೇಟು ಆಸೆ ಓಗಿ ತಿಂಗ್ಳಾಯ್ತು, ಅವ್ನೇ ಏಳ್ತಾನೆ. ಆಸೆ ಆಯ್ತದೆ ಅಂತ ಆಪೀಸಲ್ಲಿ ನಿಂಗ್ಯಾಕೆ ದಿನಾ ಫೋನ್ ಮಾಡ್ತಾನೆ? ಕೇಳಿದ್ರೆ ಇಂಗೆ ನಗ್ತಾನೆ, ಅಂಗೆ ಓಯ್ತಾನೆ."

ದಾಕ್ಷಾಯಣಿ ಬೂತಿನ ಗಾಜಿಗೆ ಹಣೆ ಒತ್ತಿ ನಿಂತಳು. ಕಣ್ಣು ತುಂಬಿ ರಸ್ತೆಯೆಲ್ಲ ಮಸುಕಾಯಿತು.

"ಹಲೋ? ಮೇಡಂ? ಏನಾಯ್ತು, ಭಾನುವಾರ?" ಅಂಬರೀಶನ ಗಾಬರಿಯ ಧ್ವನಿ. "ಬಂತಾ? ಜೋರಾಗಾ?"

"ಹೂಂ. ತಡಕೊಳ್ಳಾಕ ಆಗವಲ್ದು."

"ಮಾತಾಡಿ, ಮಾತಾಡ್ತಾ ಇರಿ. ಸಿಗರೇಟು ಕೈಗೆ ತಗೊಂಡಿಲ್ಲ ತಾನೇ?"

"ಸಿಗರೇಟಿನ ಆಸಿ ಅಲ್ರಿ."

ಆ ಕಡೆಯಿಂದ ಲಕ್ಷ್ಮಣಪ್ಪನ ಸುಯ್ಯೆನ್ನುವ ಉಸಿರು ಸಣ್ಣಗೆ ಕೇಳಿಸುತ್ತಿತ್ತು.

"ನಮ್ಮ ಮನ್ಯಾಗ ಗಂಡಿನವ್ರು ಬಂದಾರ," ಅಂದಳು. "ನೀವು ಏನರೆ ಹೇಳೂದಿದ್ರ ಲಗೂನ ಹೇಳ್ರಿ."

"ನಂಗೂ ಸಿಗರೇಟಿಂದಲ್ಲ," ಅಂದ ಅವನು. "ಬಹಳ ದಿನದಿಂದ ಅಲ್ಲ. ಹೇಳಿದ್ರೆ ಫೋನ್ ನಿಲ್ಲಿಸ್ಬಿಡ್ತೀರ ಅಂತ ಸುಳ್ಳು ಹೇಳ್ತಿದ್ದೆ. ನಾವು ಬೇರೆ ಜನ, ನೀವು ಬೇರೆ ಜನ. ನಂದು ಡಿಪ್ಲೊಮಾ. ಮನೇಲಿ ಅಪ್ಪ ಹೀಗೆ. ಇದೆಲ್ಲ ಯೋಚನೆ ಮಾಡಿ ಸುಮ್ನಿದ್ದೆ. ಈಗ ಅದೆಲ್ಲ ಬಿಟ್ಟು ಕೇಳ್ತೀನಿ ದಾಕ್ಷಾಯಣಿ, ನಿಮ್ಮಣ್ಣನ ಹತ್ರ ಬರ್ಲಾ?"

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಬರ್ರಿ," ಅಂದಳು.

ಮೆಟ್ಟಿಲ ಮೇಲೆ ಹುಡುಕಿಕೊಂಡು ಬಂದ ವೈನಿ ಅವಳ ಮುಖ ನೋಡಿದಳು, ಬೆಲ್ಲವಿಲ್ಲದ ಕೈ ನೋಡಿದಳು. ಅರ್ಧ ಹೇಳುವುದರೊಳಗೆ ಪೂರ್ತಿ ತಿಳಿದುಕೊಂಡಳು. ಹುಬ್ಬಳ್ಳಿಯವರಿಗೆ ನೋವಾಗದಂತೆ ಏನು ಹೇಳಿ ಕಳಿಸಿದಳೋ, ಅದು ಅವಳ ಜಾಣತನ.

ಮುಂದಿನ ಭಾನುವಾರ ಅಂಬರೀಶ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಸರ್ಜಾಪುರ ರಸ್ತೆಯ ಧೂಳು. ಅಣ್ಣ ವಿನಾಯಕ ಕಡಿಮೆ ಮಾತಿನವನು. ಮನೆತನ ಕೇಳಿದ, ಸಂಬಳ ಕೇಳಿದ, ಅಪ್ಪನ ಆರೋಗ್ಯ ಕೇಳಿದ. ಒಂದಕ್ಕೂ ಅವನ ಮುಖ ಸಡಿಲವಾಗಲಿಲ್ಲ.

"ಸಿಗರೇಟು, ಕುಡಿತ ಏನರೆ ಐತೇನ್ರಿ?"

"ಕುಡಿತ ಇಲ್ಲ ಸಾರ್. ಸಿಗರೇಟು ಇತ್ತು. ಈ ವರ್ಷ ಬಿಟ್ಟೆ."

"ಅಷ್ಟು ಸರಳ ಬಿಡೂದಲ್ಲ ಅದು. ಹೆಂಗ ಬಿಟ್ರಿ?"

ಅಂಬರೀಶ್ ತಲೆ ತಗ್ಗಿಸಿದ. "ಗಟ್ಟಿ ಮನಸ್ಸು ಮಾಡಿ ಬಿಟ್ಟೆ ಸಾರ್. ಒಬ್ನೇ," ಅಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಿಗೆ ಆ ಸುಳ್ಳು ಕರುಳಿಗೆ ತಾಗಿತು. ತನ್ನನ್ನು ಬಚ್ಚಿಡಲೆಂದು ಅವನು ತಮ್ಮಿಬ್ಬರ ಅಷ್ಟೂ ದಿನಗಳನ್ನು ಒಬ್ಬನದೇ ಮಾಡಿಬಿಟ್ಟಿದ್ದ. ಅವಳು ಹೊರಗೆ ಬಂದಳು.

"ಒಬ್ಬರ ಅಲ್ಲಣ್ಣ. ಇಬ್ರೂ ಕೂಡಿ ಬಿಟ್ವಿ. ನಾನೂ ಸೇದತಿದ್ದೆ."

ವೈನಿಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿದ ಸದ್ದು ಕೇಳಿತು. ಅಣ್ಣ ತಂಗಿಯ ಮುಖವನ್ನೇ ನೋಡಿದ. ಬೈಗುಳಕ್ಕೆ, ಏಟಿಗೆ, ಊರಿಗೆ ಹೊರಡು ಅನ್ನುವ ಮಾತಿಗೆ, ಎಲ್ಲಕ್ಕೂ ಅವಳು ಸಿದ್ಧಳಾಗಿ ನಿಂತಿದ್ದಳು.

"ಬಿಡೂವಾಗ," ಅಂದ ವಿನಾಯಕ, ಮೆಲ್ಲಗೆ, "ಭಾಳ ತ್ರಾಸ ಆತೇನವಾ?"

ಅದಕ್ಕೆ ಮಾತ್ರ ಅವಳು ಸಿದ್ಧಳಿರಲಿಲ್ಲ. ನಿಂತಲ್ಲೇ ಅತ್ತುಬಿಟ್ಟಳು. ಅಂಬರೀಶ್ ಎದ್ದು, ಅಣ್ಣನ ಎದುರಿಗಿದ್ದೇನೆಂಬುದನ್ನೂ ಮರೆತು, ಜೇಬಿನ ಕರವಸ್ತ್ರ ತೆಗೆದು ಅವಳ ಕೈಗಿಟ್ಟ. ವಿನಾಯಕ ಅದನ್ನು ನೋಡಿದ. ನೋಡಿ, ಅವನಿಗೆ ಮತ್ತೆ ಕೂರಲು ಕೈಸನ್ನೆ ಮಾಡಿದ.