ರೀವ ಹಕ್ಕಿಯ ಗೂಡಿಗೆ ಮೂರು ಕಲ್ಲು

ಮಖ್ತಲ್‌ನಲ್ಲಿ ಶಿವಗಂಗಾಳ ಜೊತೆ ಹಕ್ಕಿಗಳ ಬಗ್ಗೆ ಮಾತಾಡುವವರು ಒಬ್ಬರೂ ಇರಲಿಲ್ಲ.

ಇದ್ದವರೆಲ್ಲ ಫೋನಿನೊಳಗಿದ್ದರು. ‘ಕೃಷ್ಣೆಯ ರೆಕ್ಕೆ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೆಂಟು ಜನ. ಎಂಟು ತಿಂಗಳಿಂದ ದಿನವೂ ಮಾತು, ಆದರೆ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಮಾರ್ಚ್‌ನ ಆ ಭಾನುವಾರ ಬೆಳಿಗ್ಗೆ ಎಲ್ಲರೂ ಕೃಷ್ಣಾ ನದಿಯ ಜೂರಾಲ ಅಣೆಕಟ್ಟಿನ ಕೆಳಗಿನ ಮರಳಿಗೆ ಬರುವುದೆಂದು ತೀರ್ಮಾನವಾಗಿತ್ತು. ನದಿ ಬತ್ತಿ ಎದ್ದ ಆ ದಿಬ್ಬದ ಮೇಲೆ, ಹೊಳೆಯ ಮೀನು ಹಿಡಿದು ಬದುಕುವ ರೀವ ಹಕ್ಕಿಗಳು ಮೊಟ್ಟೆ ಇಟ್ಟಿದ್ದವು. ಗೂಡು ಎಣಿಸಬೇಕಿತ್ತು.

ಅವಳು ಎಲ್ಲರಿಗಿಂತ ಮೊದಲು ಬಂದಳು. ಸ್ಕೂಟಿಯನ್ನು ದಂಡೆಯ ಮೇಲೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗಿಳಿದಳು. ಆಗ ಕಂಡಿತು ಕುರಿ ಹಿಂಡು! ನೂರಕ್ಕೂ ಹೆಚ್ಚು ಕುರಿ, ಸೀದಾ ದಿಬ್ಬದ ಕಡೆಗೇ!

“ಏ! ಯಾರದು ಕುರಿ? ಹೊಳ್ಳಸ್ರಿ! ಅಲ್ಲಿ ಗೂಡು ಅದಾವ!” ಎನ್ನುತ್ತಾ ಓಡಿದಳು.

“ನಿಂತಲ್ಲೇ ನಿಲ್ರಿ!”

ಹೆಗಲ ಮೇಲೆ ಕೋಲಿಟ್ಟುಕೊಂಡ ಯುವಕ ಅವಳಿಗಿಂತ ಜೋರಾಗಿ ಕೂಗಿದ. ಹಣೆಯ ಮೇಲೆ ಬೀರಪ್ಪನ ಭಂಡಾರ.

“ನನಗ್ಯಾಕ ಹೇಳ್ತೀರಿ? ನಿಮ್ಮ ಕುರಿಗೆ ಹೇಳ್ರಿ!”

“ನನ್ನ ಕುರಿ ನಿಂತಾವ. ನೀವು ನಿಂತಿಲ್ಲ. ಕಾಲ್ಬುಡಕ್ಕ ನೋಡ್ರಿ.”

ನೋಡಿದಳು. ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ ಮರಳಿನ ಬಣ್ಣದ ಎರಡು ಮೊಟ್ಟೆಗಳಿದ್ದವು. ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

ನಿಜಕ್ಕೂ ಕುರಿಗಳು ದಿಬ್ಬದ ಇಪ್ಪತ್ತು ಮಾರು ಆಚೆಗೇ ನಿಂತಿದ್ದವು.

‘ಎಷ್ಟು ಸೊಕ್ಕು ಇವನಿಗೆ!’ ಎಂದುಕೊಂಡಳು. ತಪ್ಪು ತನ್ನದೇ ಎಂಬುದು ಆ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಅಷ್ಟರಲ್ಲಿ ಗದ್ವಾಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮಹೇಂದರ್ ಕ್ಯಾಮೆರಾ ನೇತುಹಾಕಿಕೊಂಡು ಬಂದ. ನಾರಾಯಣಪೇಟೆಯ ನಿವೃತ್ತ ನರ್ಸ್ ವೀರಬಸಮ್ಮ ಅವನ ಹಿಂದೆ ಏದುಸಿರು ಬಿಡುತ್ತಾ ಬಂದರು. ಮೂವತ್ತೆಂಟು ಜನರಲ್ಲಿ ಬಂದವರು ಆರೇ ಮಂದಿ.

ವೀರಬಸಮ್ಮ ಕುರಿಯವನನ್ನು ನೋಡಿದ್ದೇ ಮುಖ ಅರಳಿಸಿ, “ಬಂದಿಯೇನಪಾ ಬಾಲರಾಜ! ನೀ ಗಂಗಾ ಅಲ್ಲಾ? ಇವ್ರೇ ನೋಡವ್ವಾ ನಿಮ್ಮ ಬಿ.ಆರ್. ಸಾರು!” ಎಂದರು.

ಶಿವಗಂಗಾ ಕೈಯಲ್ಲಿದ್ದ ಚಪ್ಪಲಿಯನ್ನು ಬೀಳಿಸಿದಳು.

ಬಿ.ಆರ್. ಸಾರ್ ಎಂದರೆ ಬೋಳುತಲೆ, ದಪ್ಪ ಕನ್ನಡಕ, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಲೆಕ್ಚರರ್... ಎಂಟು ತಿಂಗಳಿಂದ ಅವಳ ಮನಸ್ಸಿನಲ್ಲಿದ್ದ ಚಿತ್ರ ಅದು. ಗುಂಪಿನಲ್ಲಿ ಯಾರು ಏನೇ ಹಾಕಿದರೂ ಅವರು ಕೇಳುತ್ತಿದ್ದದ್ದು ಒಂದೇ: “ಇದರಲ್ಲಿ ನೋಡಿದ್ದು ಎಷ್ಟು, ಊಹಿಸಿದ್ದು ಎಷ್ಟು?”

ಮುದುಕರಲ್ಲವೇ ಎಂದು ಅವಳು ಅವರಿಗೆ ಬೇರೆಯಾಗಿಯೂ ಬರೆಯುತ್ತಿದ್ದಳು. ಮೊದಮೊದಲು ಹಕ್ಕಿಗಳ ವಿಷಯ. ಆಮೇಲೆ ಅಪ್ಪನ ಹತ್ತಿ ವ್ಯಾಪಾರ, ಮನೆಯ ಬೇಸರ, ಕೋಸಗಿಯಿಂದ ನೋಡಲು ಬಂದ ಗಂಡು ಉಪ್ಪಿಟ್ಟು ತಿಂದ ರೀತಿ... ಎಲ್ಲವನ್ನೂ! ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅವರ ಉತ್ತರ ನೋಡುತ್ತಿದ್ದಳು.

“ನೀವು... ಸಾರ್ ಅಲ್ಲಾ?”

“ನಾನು ಯಾವತ್ತೂ ಸಾರ್ ಅಂತ ಹೇಳಿಕೊಂಡಿಲ್ಲರಿ. ಬಿ.ಎಸ್ಸಿ. ಮುಗಿಸೀನಿ, ಕುರಿ ಮೇಸ್ತೀನಿ. ಗುಂಪಿನವರು ಸಾರ್ ಅಂದ್ರು. ಬ್ಯಾಡ ಅನ್ನಾಕ...” ಅವನು ಕಿವಿ ತುರಿಸಿಕೊಂಡ. “ಬ್ಯಾಡ ಅಂದ್ರ ನೀವು ಬರೆಯೋದು ಬಿಡ್ತಿದ್ರಿ.”

“ಬಿಡ್ತಿದ್ದೆ!”

“ಅದಕ್ಕ.”

ನಾಚಿಕೆಯಿಂದ ಅವಳಿಗೆ ಕೃಷ್ಣೆಗೆ ಹಾರಿಬಿಡಬೇಕೆನಿಸಿತು. ಹಾರಲು ಅಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ.

ಆದರೂ ಎಣಿಸುವ ಕೆಲಸದಲ್ಲಿ ಅವಳು ಅವನ ಪಕ್ಕದಲ್ಲೇ ನಡೆದಳು. ಕುತೂಹಲ ನಾಚಿಕೆಗಿಂತ ದೊಡ್ಡದಾಗಿತ್ತು. ಫೋನಿನಲ್ಲಿ ಓದಿದ ಮಾತುಗಳು ಈ ಬಾಯಿಂದ ಹೇಗೆ ಬರುತ್ತವೆ? ನಗುವಾಗ ಹೀಗೆ ತಲೆ ಕೆಳಗೆ ಹಾಕುತ್ತಾನಾ? ಹಳದಿ ಕೊಕ್ಕು, ಕರಿನೆತ್ತಿಯ ರೀವಗಳು ತಲೆಯ ಮೇಲೆ ಚೀರುತ್ತಾ ಸುತ್ತುತ್ತಿದ್ದರೆ ಅವನು ಮೆಲ್ಲಗೆ, “ಬೈಯಾಕತ್ತಾವ. ಬೈಸ್ಕೊಳ್ಳೋ ಕೆಲಸ ಮಾಡೀವಿ” ಎನ್ನುತ್ತಿದ್ದ.

ಇಪ್ಪತ್ತಾರು ಗೂಡು, ಅರವತ್ತೊಂದು ಮೊಟ್ಟೆಗಳಾದವು.

“ಸಾರ್... ಅಲ್ಲ, ಬಾಲರಾಜ್. ಯಾರಾದರೂ ನನ್ನಂಗ ತುಳಿದ್ರ? ಮೀನು ಹಿಡಿಯೋರು ಬರ್ತಾರ, ಬ್ಯಾರೆ ಹಿಂಡು ಬರ್ತಾವ. ಒಂದೊಂದು ಗೂಡಿನ ಬಾಜೂ ಮೂರ್ಮೂರು ಕಲ್ಲು ಇಟ್ರ ದೂರದಿಂದಲೇ ಗೊತ್ತಾಗ್ತೈತಿ. ಏನಂತೀರಿ?”

ಎಲ್ಲರೂ ಒಪ್ಪಿದರು. ಬಾಲರಾಜ್ ಒಂದು ಕ್ಷಣ ಬಾಯಿ ತೆರೆದ, ಮತ್ತೆ ಮುಚ್ಚಿದ.

“...ಇಡೋಣ್ರಿ” ಎಂದ.

ಅವಳು ದಂಡೆಯಿಂದ ಬಿಳಿ ಕಲ್ಲು ಆರಿಸಿ ತಂದು ಕೊಟ್ಟಳು, ಅವನು ಒಂದರ ಮೇಲೊಂದು ಇಟ್ಟ. ಒಂದೂವರೆ ತಾಸು ಹೀಗೇ ಕಳೆಯಿತು. ಕಲ್ಲು ಕೊಡುವಾಗ ಒಮ್ಮೆ ಬೆರಳು ತಾಗಿತು. ಇಬ್ಬರೂ ತಾಗಲಿಲ್ಲವೆಂಬಂತೆ ನಟಿಸಿದರು.

ಗುರುವಾರ ಅವಳು ಒಬ್ಬಳೇ ನೋಡಲು ಹೋದಳು.

ಕಲ್ಲುಗಳಿದ್ದವು. ಮೊಟ್ಟೆಗಳಿರಲಿಲ್ಲ.

ಒಂದು ಗೂಡು, ಎರಡು, ಏಳು, ಹನ್ನೊಂದು... ಬರೀ ಗುಳಿಗಳು. ದಿಬ್ಬದ ಅಂಚಿನಲ್ಲಿ ಕುರಿಗಳ ಗೊರಸಿನ ಗುರುತುಗಳು ಸಾಲಾಗಿದ್ದವು. ಅವಳ ಕಣ್ಣು ತುಂಬಿತು, ಜೊತೆಗೇ ಸಿಟ್ಟೂ ಬಂತು. ‘ಇಷ್ಟೇನಾ ನಿಮ್ಮ ಪ್ರೀತಿ ಹಕ್ಕಿಗಳ ಮೇಲೆ? ನಾನು ನಂಬಿದ್ದೆನಲ್ಲ...’

ಗೊರಸಿನ ಫೋಟೋ ತೆಗೆದು ಅಲ್ಲೇ ನಿಂತು ಗುಂಪಿಗೆ ಹಾಕಿದಳು: “ಬಿ.ಆರ್. ಸಾರ್, ನಿಮ್ಮ ಕುರಿಗಳು ಗೂಡುಗಳನ್ನು ಹಾಳು ಮಾಡಿವೆ. ಕಾಯಬೇಕಾದವರೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು?”

“ಛೀ! ಪಾಪಂ ಕದಾ!” ಎಂದು ಮಹೇಂದರ್ ತೆಲುಗಿನಲ್ಲಿ ಮರುಗಿದ. ಇನ್ನು ನಾಲ್ಕು ಜನ ಅಳುವ ಮುಖ ಹಾಕಿದರು.

ಹತ್ತು ನಿಮಿಷದ ನಂತರ ಅವನ ಉತ್ತರ ಬಂತು. “ತಪ್ಪು ನನ್ನದು.” ಅದರ ಕೆಳಗೇ ಸಣ್ಣ ಅಕ್ಷರಗಳಲ್ಲಿ, ಬಿ.ಆರ್. ಗುಂಪು ಬಿಟ್ಟರು ಎಂದು ಕಂಡಿತು.

ಗೆದ್ದೆ ಎನಿಸಬೇಕಿತ್ತು. ಅನಿಸಲಿಲ್ಲ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಫೋನ್ ತೆಗೆದಳು... ಅಲ್ಲಿ ಓದಲು ಏನೂ ಇರಲಿಲ್ಲ. ನಾಳೆಯೂ ಇರುವುದಿಲ್ಲ ಎಂದು ಹೊಳೆದಾಗ ಹಾಸಿಗೆಯ ಮೇಲೆ ಹಾಗೇ ಕೂತುಬಿಟ್ಟಳು.

‘ತಪ್ಪು ನನ್ನದು’ ಎಂದ, ‘ಕುರಿಯದು’ ಎನ್ನಲಿಲ್ಲ. ಯಾಕೆ? ಸಾಕ್ಷಿ ಕೇಳದೆ ಏನನ್ನೂ ಒಪ್ಪದ ಮನುಷ್ಯ ಇದನ್ನು ಹೇಗೆ ಒಪ್ಪಿದ?

ಮತ್ತೆ... ತಾನು ನೋಡಿದ್ದು ಎಷ್ಟು? ಊಹಿಸಿದ್ದು ಎಷ್ಟು?

ಸ್ಕೂಟಿ ತೆಗೆದಳು. “ಎಲ್ಲಿಗವ್ವಾ ಇಷ್ಟು ಮುಂಜಾನಿ?” ಎಂದು ಅಪ್ಪ ಶಿವಶಂಕರಪ್ಪ ಕೇಳುತ್ತಲೇ ಇದ್ದರು.

ದಂಡೆಯ ಜಾಲಿಯ ಮರೆಯಲ್ಲಿ ಕೂತು ಕಾದಳು. ಗೊರಸಿನ ಗುರುತುಗಳನ್ನು ಈ ಸಲ ಸರಿಯಾಗಿ ನೋಡಿದಳು. ಅವು ಅಂಚಿನುದ್ದಕ್ಕೂ ನೀರಿಗೆ ಹೋಗಿದ್ದವು, ಗೂಡುಗಳ ಕಡೆಗೆ ಒಂದೂ ತಿರುಗಿರಲಿಲ್ಲ. ಮೊಟ್ಟೆ ತುಳಿದಿದ್ದರೆ ಲೋಳೆಯಾದರೂ ಇರಬೇಕಿತ್ತು, ಚಿಪ್ಪಾದರೂ...

ಎಂಟು ಗಂಟೆಗೆ ಕಾಗೆ ಬಂತು.

ಹುಡುಕಲಿಲ್ಲ ಅದು. ಬಿಳಿ ಕಲ್ಲಿನ ಮೇಲೆ ಕೂತಿತು, ಇಳಿಯಿತು, ಮೊಟ್ಟೆ ಎತ್ತಿಕೊಂಡು ಹಾರಿತು. ರೀವಗಳು ಚೀರಿ ಕುಕ್ಕಿದರೂ ಹೆದರಲಿಲ್ಲ. ತಿರುಗಿ ಬಂದು ನೇರ ಮುಂದಿನ ಕಲ್ಲಿಗೆ ಹೋಯಿತು.

“ಅಯ್ಯೋ! ನಾನೇ... ನಾನೇ ದಾರಿ ತೋರಿಸಿಬಿಟ್ಟೆ!”

ಓಡಿದಳು. ಕಾಗೆಯನ್ನು ಓಡಿಸಿ, ಇಪ್ಪತ್ತಾರು ಗುರುತುಗಳನ್ನೂ ಕಿತ್ತು ನೀರಿಗೆ ಎಸೆದಳು. ಉಳಿದದ್ದನ್ನು ಎಣಿಸಿದಳು. ಆಮೇಲೆ ವೀರಬಸಮ್ಮನಿಗೆ ಫೋನ್ ಮಾಡಿದಳು.

“ಬಾಲರಾಜ ಎಲ್ಲಿ ಅದಾರ, ಅಮ್ಮಾ?”

“ವಡ್ಡೆಪಲ್ಲಿ ಕಡೆ ಹೋಗ್ಯಾನ, ಕುರಿ ಉಣ್ಣೆ ಕತ್ತರಸಾಕ. ಸೋಮಾರದಿಂದ ಹಿಂಡು ಅಲ್ಲೇ ಐತಿ.”

“ಸೋಮಾರದಿಂದ? ಹಂಗಾರ ಇಲ್ಲಿ ಬಂದದ್ದು ಅವರ ಕುರಿ ಅಲ್ಲೇ ಅಲ್ಲ! ನಿಮಗ ಗೊತ್ತಿತ್ತಾ?”

“ಗೊತ್ತಿತ್ತು. ಹೇಳಬ್ಯಾಡ ಅಂದ. ನೀ ಕೇಳಬೇಕಿತ್ತಲ್ಲವ್ವಾ, ಬರೆಯೋಕಿಂತ ಮೊದಲು.”

ಸ್ಕೂಟಿಯ ಮೇಲೆ ಕೂತೇ ಅವಳು ಗುಂಪಿಗೆ ಬರೆದಳು. ನೆಪ ಸೇರಿಸಲಿಲ್ಲ. “ಗೂಡುಗಳನ್ನು ಹಾಳು ಮಾಡಿದ್ದು ಕಾಗೆ. ಕಾಗೆಗೆ ಗುರುತು ಇಟ್ಟುಕೊಟ್ಟದ್ದು ನನ್ನ ಯೋಚನೆ. ಬಾಲರಾಜ್ ಅವರ ಕುರಿಗಳು ಅಲ್ಲಿರಲೇ ಇಲ್ಲ. ನಾನು ನೋಡದೇ ಹೇಳಿದೆ.”

ಉತ್ತರಗಳನ್ನು ನೋಡಲು ನಿಲ್ಲದೆ ಗದ್ವಾಲಿಗೆ ಹೋಗಿ, ಅಲ್ಲಿ ಸ್ಕೂಟಿ ಬಿಟ್ಟು ವಡ್ಡೆಪಲ್ಲಿ ಬಸ್ಸು ಹತ್ತಿದಳು.

ಬೇವಿನ ನೆರಳಿನಲ್ಲಿ ಅರ್ಧ ಬೋಳಾದ ಕುರಿಯೊಂದನ್ನು ಮಲಗಿಸಿಕೊಂಡು ಬಾಲರಾಜ್ ಕತ್ತರಿ ಆಡಿಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಕುರಿ ಒದ್ದಾಡಿತು.

“ಕಾಲು ಹಿಡೀರಿ!” ಎಂದ.

“ಹಿಡ್ಯಾಕೇ ಬಂದೀನಿ. ಕ್ಷಮಿಸಬೇಕ್ರಿ...”

“ನನ್ನ ಕಾಲಲ್ರೀ! ಕುರೀದು!”

ಅವಳು ಕೂತು ಕುರಿಯ ಹಿಂಗಾಲು ಹಿಡಿದಳು. ಮಾತು ಕತ್ತರಿಯ ಸದ್ದಿನ ನಡುವೆಯೇ ನಡೆಯಬೇಕಾಯಿತು.

“ಕಾಗಿ ಮಾಡಿದ್ದು. ನನ್ನ ಕಲ್ಲು ನೋಡಿ.”

“ಗೊತ್ತೈತಿ.”

“ಗುಂಪಿನಾಗ ಬರೆದೀನಿ. ಎಲ್ಲಾ ಬರೆದೀನಿ. ನಿಮ್ಮ ತಪ್ಪು ಏನೂ ಇಲ್ಲ.”

“ಐತಿ.” ಕತ್ತರಿ ಕೆಳಗಿಟ್ಟ. “ಗುರ್ತು ಇಟ್ರ ಕಾಗಿ ಕಲೀತಾವ ಅಂತ ನನಗ ಆವತ್ತೇ ಗೊತ್ತಿತ್ತು. ಸಣ್ಣವನಿದ್ದಾಗ ಟಿಟ್ಟಿಭದ ಗೂಡಿನಾಗ ನೋಡೀನಿ. ಊಹೆ ಅಲ್ಲ, ನೋಡಿದ್ದು.”

ಶಿವಗಂಗಾಳಿಗೆ ಅರ್ಥವಾಗಲಿಲ್ಲ. “ಮತ್ತ... ಯಾಕ ಹೇಳಲಿಲ್ಲ?”

ಅವನು ಕುರಿಯ ಬೆನ್ನ ಮೇಲಿನ ಉಣ್ಣೆಯ ಎಳೆಗಳನ್ನು ಕೊಡವಿದ.

“ನೀವು ಕಲ್ಲು ತಂದು ಕೊಡಾಕತ್ತಿದ್ರಿ. ಹೇಳಿದ್ರ ಆ ಕೆಲಸ ಅಲ್ಲಿಗೇ ಮುಗೀತಿತ್ತು. ಎದ್ದು ಹೋಗ್ತಿದ್ರಿ. ಒಂದೂವರೆ ತಾಸು ನನ್ನ ಬಾಜೂ ಇದ್ರಿ...” ಅವನ ದನಿ ಇಳಿಯಿತು. “ಅಷ್ಟಕ್ಕ ಸುಮ್ನಾದೆ. ಸೋಮಾರ ಬಂದು ತಗೀಬೇಕಂದೆ, ಉಣ್ಣೆ ಕತ್ತರಸೋರು ಅವತ್ತೇ ಇಲ್ಲಿಗೆ ಬಂದುಬಿಟ್ರು, ಹಿಂಡು ತರಬೇಕಾತು. ಮೊಟ್ಟೆ ಹೋದದ್ದು ನನ್ನಿಂದ.”

ಪ್ರೀತಿ ಹೀಗೆ ತಪ್ಪೊಪ್ಪಿಗೆಯಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಸಿಟ್ಟು ಬಂತು, ನಿಜವಾಗಿಯೂ ಬಂತು. ಆ ಸಿಟ್ಟಿನಲ್ಲೂ ಅವಳ ಕೈ ಕುರಿಯ ಕಾಲನ್ನು ಬಿಡಲಿಲ್ಲ.

“ಹೇಳಿದ್ರೂ ನಾ ಹೋಗ್ತಿರಲಿಲ್ಲ.”

“ಹಾಂ?”

“ಬ್ಯಾರೆ ಏನರೇ ಕೆಲಸ ಹುಡುಕ್ತಿದ್ದೆ. ಬಾಜೂ ಕುಂದ್ರಾಕ.”

ಅವನು ತಲೆ ಕೆಳಗೆ ಹಾಕಿದ. ನಗುತ್ತಿದ್ದನೋ ಅಳುತ್ತಿದ್ದನೋ, ಅವಳಿಗೆ ಕಾಣಲಿಲ್ಲ.

“ನಿಮ್ಮಪ್ಪ ಹತ್ತಿ ಸಾವ್ಕಾರ್ರು. ನನ್ನ ಏನಂತ ಹೇಳ್ತೀರಿ? ಕುರಿ ಮೇಸಾವ ಅಂತೀರಾ?”

“ಮೊದಲು ಬಿ.ಆರ್. ಸಾರ್ ಅಂತೀನಿ. ಮನುಷ್ಯ ಹಿಡಿಸಿದ ಮ್ಯಾಲ ಕುರಿ ತೋರಸ್ತೀನಿ.”

“ಬೈತಾರ.”

“ಬೈಲಿ. ಒಂದು ಮಾತು ಮಾತ್ರ ಬಾಲರಾಜ್... ಇನ್ಮ್ಯಾಲ ನಾ ತಪ್ಪು ಮಾಡಾಕತ್ತಿದ್ರ ಬಾಯಿ ಮುಚ್ಚಬ್ಯಾಡ್ರಿ. ನನಗ ಬ್ಯಾಸರ ಆದ್ರೂ.”

“ಹೇಳ್ತೀನಿ. ಈಗಲೇ ಒಂದು ಹೇಳ್ಲಾ?”

“ಹೇಳ್ರಿ.”

“ಕಾಲು ಭಾಳ ಗಟ್ಟಿ ಹಿಡದೀರಿ. ಕುರಿಗೆ ನೋಯ್ತೈತಿ.”

ಅವಳು ಹಿಡಿತ ಸಡಿಲಿಸಿದಳು.

ಜೂರಾಲದ ಮರಳಿನಲ್ಲಿ ಉಳಿದದ್ದು ಐದು ಗೂಡು, ಹನ್ನೆರಡು ಮೊಟ್ಟೆ. ಹೋದದ್ದು ಇಪ್ಪತ್ತೊಂದು ಗೂಡು, ನಲವತ್ತೊಂಬತ್ತು ಮೊಟ್ಟೆ.